ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ

ಹಾಲೇಶಪ್ಪ ಮೇಷ್ಟ್ರು ಇಪ್ಪತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಎಷ್ಟು ಪ್ರಶ್ನೆ ಕೇಳಿದ್ದರೋ ಅವರಿಗೇ ಗೊತ್ತಿರಲಿಲ್ಲ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಕಾರಣ ಕೊಡಿ, ಟಿಪ್ಪಣಿ ಬರೆಯಿರಿ. ಕೂಡ್ಲಿಗಿಯ ಅರ್ಧ ಊರು ಅವರ ಪ್ರಶ್ನೆಗೆ ಬೆವರಿ ಬೆಳೆದಿತ್ತು. ಆದರೆ ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಹಾಗೆ ಕೇಳುವುದು ಮೇಷ್ಟ್ರ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ಎರಡು ಸಾವಿರದ ಒಂದನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ಬೆಳಗ್ಗೆ, ಅರ್ಜಿ ನಮೂನೆಯ ಏಳನೇ ಕಲಮು ಓದುತ್ತಲೇ ಅವರ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಅಲ್ಲಿ ಹೀಗಿತ್ತು: ‘ನಿಮಗೆ ಉತ್ತರ ಗೊತ್ತಿಲ್ಲದ, ಆದರೆ ತಿಳಿಯಲೇಬೇಕು ಅನ್ನಿಸುವ ಒಂದು ಪ್ರಶ್ನೆಯನ್ನು ಬರೆಯಿರಿ.’

ಅರ್ಜಿ ಬಂದದ್ದು ಮೈಸೂರಿನ ಒಂದು ಸಂಸ್ಥೆಯಿಂದ. ಹೈಸ್ಕೂಲು ಮೇಷ್ಟ್ರುಗಳಿಗೆಂದು ಮೇ ತಿಂಗಳಲ್ಲಿ ನಾಲ್ಕು ವಾರದ ಬೇಸಿಗೆ ಶಿಬಿರ. ಇತಿಹಾಸ, ಸಾಹಿತ್ಯ, ಭಾಷೆ, ತತ್ವಶಾಸ್ತ್ರ ಎಲ್ಲ ಬಲ್ಲವರು ಬಂದು ಪಾಠ ಹೇಳುತ್ತಾರೆ. ಮೇಷ್ಟ್ರುಗಳು ಬೆಂಚಿನ ಮೇಲೆ ಕೂತು ಕೇಳಬೇಕು. ಊಟ, ವಸತಿ, ದೊಡ್ಡ ಗ್ರಂಥಾಲಯ. ಕೂಡ್ಲಿಗಿಯ ಬಂಡೆಗಳು ಹಂಚಿನಂತೆ ಕಾಯುವ ತಿಂಗಳಲ್ಲಿ ಮೈಸೂರಿನ ಮರದ ನೆರಳು. ವಯಸ್ಸಿನ ಮಿತಿ ಐವತ್ತು. ಹಾಲೇಶಪ್ಪನವರಿಗೆ ಬರುವ ಆಗಸ್ಟಿಗೆ ಐವತ್ತು ತುಂಬುತ್ತಿತ್ತು.

ಲಕೋಟೆ ಬಂದು ತಿಂಗಳೇ ಆಗಿತ್ತು. ಅದು ಹೆಡ್ಮಾಸ್ತರರ ಟೇಬಲ್ಲಿನ ಖಾನೆಯಲ್ಲಿ ಹಾಜರಿ ಪುಸ್ತಕದ ಕೆಳಗೆ ಮಲಗಿತ್ತು. ಆವತ್ತು ಖಾನೆ ಜಾಡಿಸುತ್ತಿದ್ದ ಜವಾನ ಜಂಬಣ್ಣನ ಕೈಗೆ ಸಿಕ್ಕಿತು. ಅವನು ಸೈಕಲ್ ತುಳಿದುಕೊಂಡು ಬಂದು ಕೊಟ್ಟ. ಕೊಟ್ಟವನು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತ. ಅರ್ಜಿಯ ಕೊನೆಯಲ್ಲಿ ಕಡೆಯ ದಿನಾಂಕವಿತ್ತು. ಅದು ಇವತ್ತೇ. ಸಂಜೆ ಐದರೊಳಗೆ ಮುಟ್ಟಬೇಕು, ಫ್ಯಾಕ್ಸ್ ಆದರೂ ನಡೆದೀತು.

“ಏನಂತ್ರಿ ಅದು?” ಹೆಂಡತಿ ನೀಲಗಂಗಮ್ಮ ಒಲೆಯ ಮುಂದಿನಿಂದ ಕೇಳಿದಳು.

“ಉತ್ತರ ಗೊತ್ತಿಲ್ಲದ ಪ್ರಶ್ನಿ ಒಂದು ಬೇಕಂತ.”

“ಅದಕ್ಕೇನು ಬರ. ಬರಕೊಳ್ರಿ, ನಾ ಹೇಳ್ತೀನಿ. ಶನಿವಾರ ಸಾಲಿ ಬಿಡೋದು ಹನ್ನೊಂದೂವರಿಗೆ. ನೀವು ಮನಿಗೆ ಬರೋದು ಐದಕ್ಕ. ನಡುವ ಎಲ್ಲಿರ್ತೀರಿ? ಇಪ್ಪತ್ತು ವರ್ಷ ಆತು, ಈ ಪ್ರಶ್ನಿಗೆ ನನಗ ಉತ್ತರ ಸಿಕ್ಕಿಲ್ಲ.”

“ಅದಕ್ಕ ಉತ್ತರ ನನಗ ಗೊತ್ತೈತಲ್ಲೇ!”

“ನನಗ ಗೊತ್ತಿಲ್ಲಲ್ಲ?”

ಜಂಬಣ್ಣ ಬಾಗಿಲಲ್ಲಿ ಕಿಸಕ್ಕನೆ ನಕ್ಕ. ಹಾಲೇಶಪ್ಪನವರು ರೊಟ್ಟಿಯನ್ನು ಅಲ್ಲೇ ಬಿಟ್ಟು ಅಂಗಿ ತೊಟ್ಟರು.

ರಜೆಯಾದರೂ ಹೆಡ್ಮಾಸ್ತರ ಗುರುಬಸವರಾಜರು ಫಲಿತಾಂಶದ ಪಟ್ಟಿ ಮಾಡಲು ಶಾಲೆಗೆ ಬಂದಿದ್ದರು. ಅವರ ರುಜುವಿಲ್ಲದೆ ಅರ್ಜಿ ನಡೆಯುವುದಿಲ್ಲ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಏಳನೇ ಕಲಮನ್ನು ಎರಡು ಸಲ ಓದಿದರು.

“ಏನ್ರಿ ಇದು ಹಾಲೇಶಪ್ಪ, ಉತ್ತರ ಗೊತ್ತಿಲ್ಲದ ಪ್ರಶ್ನಿ ಅಂದ್ರ?”

“ಹಂಗ ಕೇಳ್ಯಾರ ಸರ.”

“ಕೇಳ್ತಾರ್ರೀ, ಅವರೇನು, ಮೈಸೂರಾಗ ಕುಂತಾರ. ನಮ್ಮ ಸಾಲಿ ಮೇಷ್ಟ್ರಿಗೆ ಗೊತ್ತಿಲ್ಲ ಅಂತ ನಾನು ರುಜು ಮಾಡಿ, ಸೀಲ್ ಒತ್ತಿ ಕಳಿಸ್ಲೇನು? ನಾಳೆ ಇನ್‌ಸ್ಪೆಕ್ಷನ್ನಿಗೆ ಬಂದವರು ಇದ ಕಾಗದ ನನ್ನ ಮುಂದ ಹಿಡದ್ರ?”

“ಮತ್ತ ಹೆಂಗ ಮಾಡ್ಲಿ ಸರ?”

“ಪ್ರಶ್ನಿ ಬರೀರಿ. ಜೊತಿಗೆ ಮಾದರಿ ಉತ್ತರ ಲಗತ್ತಿಸ್ರಿ. ಆಮ್ಯಾಲೆ ರುಜು.”

“ಉತ್ತರ ಬರದ್ರ ಅದು ಉತ್ತರ ಗೊತ್ತಿರೋ ಪ್ರಶ್ನಿ ಆಗಿಬಿಡ್ತೈತಲ್ಲ ಸರ.”

“ಅದು ನಿಮ್ಮ ಕಷ್ಟ,” ಎಂದು ಹೆಡ್ಮಾಸ್ತರರು ಪಟ್ಟಿಯೊಳಗೆ ತಲೆ ಹಾಕಿದರು.

ಹಾಲೇಶಪ್ಪನವರು ಬಸ್ ಸ್ಟ್ಯಾಂಡಿನ ಪಕ್ಕದ ಎಸ್‌ಟಿಡಿ ಬೂತಿಗೆ ಬಂದರು. ಅಲ್ಲಿ ಫ್ಯಾನಿತ್ತು, ಬರೆಯಲು ಮೇಜಿತ್ತು. ಪ್ರಶ್ನೆ ಹೊಳೆದ ಕೂಡಲೇ ಕಳಿಸಲು ಫ್ಯಾಕ್ಸ್ ಯಂತ್ರವೂ ಇತ್ತು. ಬೂತಿನ ಪ್ರವೀಣಕುಮಾರ್ ಆ ಯಂತ್ರಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ದಿನಾ ಊದುಬತ್ತಿ ಬೆಳಗುತ್ತಿದ್ದ. ಅವನು ಬಟ್ಟೆಯನ್ನು ಮದುವಣಗಿತ್ತಿಯ ಸೆರಗು ಸರಿಸುವ ಹಾಗೆ ಸರಿಸಿದ.

“ಮೇಷ್ಟ್ರೇ, ನಂದೊಂದು ಐತ್ರೀ,” ಎಂದ, ಸಂಗತಿ ಕೇಳಿದ ಮೇಲೆ. “ಈ ಮಷಿನ್ನಿಗೆ ಕಾಗದ ಹಾಕ್ತೀನಿ. ಅಲ್ಲಿ ಮೈಸೂರಾಗ ಮುಟ್ಟಿತು ಅಂತಾರ. ಆದ್ರ ಕಾಗದ ನನ್ನ ಕೈಯಾಗ ಐತಿ. ಹಂಗಾರ ಹೋಗಿದ್ದೇನ್ರಿ?”

ಹಾಲೇಶಪ್ಪನವರು ತಮಾಷೆಯೆಂದು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಹೌದಲ್ಲ, ಹೋಗಿದ್ದೇನು? ಇರಲಿ ಅಂತ ಅದನ್ನು ಚೀಟಿಯೊಂದರಲ್ಲಿ ಗುರುತು ಹಾಕಿಕೊಂಡರು.

ಇತ್ತ ಜಂಬಣ್ಣ ಎದುರಿನ ಹೋಟೆಲ್ಲಿನಲ್ಲಿ ಕೂತು ಮೊದಲ ಟೀಗೆ, ‘ನಮ್ಮ ಹಾಲೇಶಪ್ಪ ಮೇಷ್ಟ್ರು ಪ್ರಶ್ನಿ ಹುಡುಕಾಕತ್ಯಾರ’ ಎಂದ. ಎರಡನೇ ಟೀಗೆ, ‘ಮೈಸೂರಿನವರು ಕೂಡ್ಲಿಗಿ ಮಂದಿ ಪ್ರಶ್ನಿ ಕಳಸ್ರಿ ಅಂದಾರ’ ಎಂದಾಯಿತು. ಮೂರನೇ ಟೀ ಮುಗಿಯುವ ಹೊತ್ತಿಗೆ, ‘ಯಾರ್ಯಾರ ಮನಸಿನಾಗ ಏನೇನೈತಿ ಎಲ್ಲಾ ಬರಸ್ರಿ, ಇವತ್ತ ಕಡೀ ದಿನ’ ಎಂದು ಹೋಟೆಲ್ಲಿನವರೆಲ್ಲ ಎದ್ದು ನಿಂತಿದ್ದರು.

ಮಧ್ಯಾಹ್ನ ಒಂದರ ಹೊತ್ತಿಗೆ ಬೂತಿನ ಮುಂದೆ ರೇಷನ್ ಅಂಗಡಿಯಷ್ಟು ಸಾಲು ನಿಂತಿತ್ತು.

ಮೊದಲು ಬಂದವರೆಲ್ಲ ಬೀದಿ ದೀಪ, ಬೋರ್‌ವೆಲ್, ಪಹಣಿ ಎಂದು ಶುರುಮಾಡಿದರು. ಹಾಲೇಶಪ್ಪನವರು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಬೇಕಾಯಿತು.

“ಕೇಳ್ರಪಾ ಇಲ್ಲೆ! ಉತ್ತರ ಗೊತ್ತಿದ್ದೂ ಯಾರೂ ಕೊಡಂಗಿಲ್ಲ ಅಂದ್ರ ಅದು ಅರ್ಜಿ. ಅದು ಬ್ಯಾಡ. ಉತ್ತರ ಯಾರಿಗೂ ಗೊತ್ತಿಲ್ಲ ಅಂದ್ರ ಅದು ಪ್ರಶ್ನಿ. ಅಂಥವು ಇದ್ರಷ್ಟ ನಿಲ್ರಿ.”

ಅರ್ಧ ಸಾಲು ಕರಗುತ್ತದೆ ಅಂದುಕೊಂಡಿದ್ದರು. ಯಾರೂ ಕದಲಲಿಲ್ಲ. ಎಲ್ಲರೂ ಒಂದು ಗಳಿಗೆ ನೆಲ ನೋಡಿದರು, ಆಕಾಶ ನೋಡಿದರು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು.

ಗಾರೆ ಕೆಲಸದ ಎರ್ರೆಪ್ಪ ಮುಂದೆ ಬಂದ. “ನಮ್ಮ ಓಣ್ಯಾಗ ಮೂರು ಹಳೇ ಮನಿ ಅದಾವ್ರಿ. ಮೂರೂ ಬೀದಿಗೆ ಬೆನ್ನು ಮಾಡ್ಕೊಂಡು ಕುಂತಾವ, ಬಾಗ್ಲ ಹಿತ್ತಲ ಕಡಿಗೆ. ಕಟ್ಟಿದವರು ಯಾರ ಮ್ಯಾಲೆ ಸಿಟ್ಟಾಗಿದ್ರು? ಗ್ವಾಡಿಗೆ ಸುಣ್ಣ ಬಳಿಯಾಕ ಹೋದಾಗೆಲ್ಲ ಇದ ವಿಚಾರ ಬರ್ತೈತ್ರಿ ನನಗ.”

“ಯಾರನ್ನಾರ ಕೇಳಬೇಕಿಲ್ಲೇನಪ?”

“ಸುಣ್ಣ ಬಳಿಯಾವಂಗ ಅದ್ಯಾಕ ಬೇಕು ಅಂತಾರ್ರೀ.”

ಹಾಲೇಶಪ್ಪನವರು ಬರೆದುಕೊಂಡರು. ಬರೆದದ್ದನ್ನು ಎರ್ರೆಪ್ಪ ಓದಿಸಿ ಕೇಳಿ, ಖಾತ್ರಿ ಮಾಡಿಕೊಂಡು ಪಕ್ಕಕ್ಕೆ ನಿಂತ. ಮನೆಗೆ ಹೋಗಲಿಲ್ಲ. ಬರೆಸಿದವರ್ಯಾರೂ ಮನೆಗೆ ಹೋಗಲಿಲ್ಲ. ಮುಂದಿನವರ ಪ್ರಶ್ನೆ ಕೇಳುವ ಆಸೆಗೆ ಸುತ್ತ ಮುತ್ತಿಕೊಂಡರು. ಫ್ಯಾನಿನ ಗಾಳಿ ಕೆಳಗೆ ಬರಲು ಜಾಗವಿಲ್ಲದೆ ಅಲ್ಲೇ ಮೇಲೆ ತಿರುಗುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಹಡಗಲಿ ಮಲ್ಲಿಗೆ ಮಾರುವ ಜೋಗಮ್ಮ ಹೂವಿನ ಬುಟ್ಟಿ ಸಮೇತ ಒಳಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ.

“ಯಪ್ಪಾ, ನಮ್ಮವ್ವ ಬೀಸುವಾಗ ಒಂದು ಪದ ಹಾಡ್ತಿದ್ಲು. ಏಳು ಮಂದಿ ಅಕ್ಕತಂಗೇರು ನೀರಿಗೆ ಹೋಗೋ ಪದ. ಆರು ಮಂದಿಗೆ ಹೆಸರೈತಿ. ಗಂಗಿ ಅಂತ, ಗೌರಿ ಅಂತ, ಉಟ್ಟಿದ್ದು ತೊಟ್ಟಿದ್ದು ಎಲ್ಲಾ ಬರ್ತೈತಿ. ಏಳನೇಕಿ ಬರೇ ‘ಏಳನೇಕಿ’. ಅಕಿಗೆ ಹೆಸರ ಇಲ್ಲ. ಅಕಿ ಯಾರು ಅಂತ ಕೇಳಿದ್ರ ನಮ್ಮವ್ವ, ‘ನಮ್ಮವ್ವಗರ ಗೊತ್ತಿತ್ತೇನ’ ಅಂದ್ಲು. ಅಕಿ ಹೆಸರು ಯಾರು ತಗದ್ರು?”

ಹಾಲೇಶಪ್ಪನವರ ಪೆನ್ನು ಕಾಗದದ ಮೇಲೆ ನಿಂತಿತು. ಇಷ್ಟು ವರ್ಷ ರಾಜರ ಹೆಸರು, ಯುದ್ಧದ ಇಸವಿ ಉರು ಹೊಡೆಸಿದ್ದರು. ಹೆಸರಿಲ್ಲದವಳೊಬ್ಬಳು ಕೊಡ ಹೊತ್ತು ಹೀಗೆ ಎದುರಿಗೆ ಬಂದು ನಿಂತದ್ದು ಇದೇ ಮೊದಲು.

“ಇದ ಬರಿತೀನಿ. ಇದೊಂದ ಸಾಕು,” ಎಂದರು ಮೆಲ್ಲಗೆ.

“ಅಂದ್ರ ನಂದು?” ಎಂದ ಎರ್ರೆಪ್ಪ.

“ನಂದು?” ಎಂದ ಪ್ರವೀಣಕುಮಾರ್, ಫ್ಯಾಕ್ಸ್ ಯಂತ್ರದ ಮೇಲೆ ಕೈಯಿಟ್ಟುಕೊಂಡು. ಆ ಕೈಯ ಅರ್ಥ ಎಲ್ಲರಿಗೂ ಆಯಿತು.

ಒಂದು ಬರೆಯಿರಿ ಅಂದ ಜಾಗದಲ್ಲಿ ಎಲ್ಲವನ್ನೂ ಬರೆಯದೆ ಗತಿಯಿರಲಿಲ್ಲ. ಹಾಲೇಶಪ್ಪನವರು ಹಾಳೆ ಸೇರಿಸಿದರು.

ಮೂರು ಗಂಟೆಯ ಸುಮಾರಿಗೆ ಗುಂಪು ಸೀಳಿಕೊಂಡು ಹೆಡ್ಮಾಸ್ತರ ಗುರುಬಸವರಾಜರೇ ಬಂದರು. ಶಾಲೆಯ ಮೇಷ್ಟ್ರು ಬಜಾರಿನಲ್ಲಿ ಕೂತು ‘ನನಗ ಗೊತ್ತಿಲ್ಲ, ನನಗ ಗೊತ್ತಿಲ್ಲ’ ಎಂದು ಊರಿಗೆಲ್ಲ ಹೇಳುತ್ತಿದ್ದಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು.

“ಏನ್ರಿ ಇದು ಸಂತಿ? ಏಳ್ರಿ ಮ್ಯಾಲೆ!”

ಹಾಲೇಶಪ್ಪನವರು ಎದ್ದರು. ಹೆಡ್ಮಾಸ್ತರರು ಹಾಳೆಗಳನ್ನು ಕಸಿದುಕೊಂಡರು, ಹರಿಯಲಿಕ್ಕೆಂದೇ. ಮೊದಲನೆಯ ಸಾಲಿನ ಮೇಲೆ ಕಣ್ಣು ಬಿತ್ತು. ಎರಡನೆಯದರ ಮೇಲೆ ಬಿತ್ತು. ನಿಂತಲ್ಲೇ ಓದುತ್ತಾ ಹೋದರು. ನಾಲ್ಕನೇ ಹಾಳೆಗೆ ಬರುವಾಗ ಜಂಬಣ್ಣ ಅವರ ಹಿಂದೆ ಸ್ಟೂಲು ಸರಿಸಿದ್ದ. ಅವರು ಗೊತ್ತಿಲ್ಲದೆ ಕೂತಿದ್ದರು.

“ಹಾಲೇಶಪ್ಪ,” ಎಂದರು ಕೊನೆಗೆ, ದನಿ ತಗ್ಗಿಸಿ. “ನಮ್ಮ ಸಾಲಿ ಗಂಟಿ ನೋಡೀರಿ?”

“ರೈಲ್ವೆ ಹಳಿ ತುಂಡು ಸರ.”

“ಹೌದಲ್ಲ? ನಮ್ಮೂರಿಗೆ ರೈಲ ಇಲ್ಲ. ಹಳಿ ಎಲ್ಲಿಂದ ಬಂತು?”

“ಕೊಟ್ಟೂರಿಂದ ತಂದಿರಬೇಕ್ರಿ, ಅಲ್ಲಿ ಐತಲ್ಲ ರೈಲು,” ಎಂದ ಜಂಬಣ್ಣ.

“ತಂದಿರಬೇಕು ಅನ್ನೋದು ಉತ್ತರ ಅಲ್ಲಲೇ! ಯಾರು ತಂದ್ರು? ಅಷ್ಟು ಭಾರದ್ದು ಯಾಕ ತಂದ್ರು? ಹಳಿಯಾಗಿದ್ದಾಗ ಅದರ ಮ್ಯಾಲೆ ಯಾವ್ಯಾವ ಗಾಡಿ ಹೋಗಿತ್ತು? ಇಪ್ಪತ್ತಾರು ವರ್ಷ ಅದರ ಸಪ್ಪಳ ಕೇಳೀನಿ. ಯಾರನ್ನ ಕೇಳ್ಲಿ? ಹೆಡ್ಮಾಸ್ತರ್ ಆದಮ್ಯಾಲೆ ಕೇಳಾಂಗಿಲ್ಲ, ಹೇಳಬೇಕಷ್ಟ.” ಅವರು ಕನ್ನಡಕ ಒರೆಸಿಕೊಂಡರು. “ಇದನ್ನೂ ಬರೀರಿ. ನನ್ನ ಹೆಸರು ಬ್ಯಾಡ. ‘ಒಬ್ಬ ಹಿರಿಯ ಶಿಕ್ಷಕರು’ ಅಂತ ಹಾಕ್ರಿ.”

“ಮಾದರಿ ಉತ್ತರ ಸರ?”

“ನಿಮಗ ಹುಚ್ಚು ಹಿಡದೈತೇನು? ಉತ್ತರ ಇದ್ರ ನಾನ್ಯಾಕ ಕೇಳ್ತಿದ್ದೆ?” ಎಂದು ಗದರಿ, ಪ್ರತಿ ಹಾಳೆಗೂ ರುಜು ಹಾಕಿ, ಜೇಬಿನಿಂದ ಸೀಲು ತೆಗೆದು ಒತ್ತಿದರು.

ಮೂರೂವರೆಗೆ ಪ್ರವೀಣಕುಮಾರ್ ಊದುಬತ್ತಿ ಹಚ್ಚಿ, ನಂಬರು ಒತ್ತಿದ. ಯಂತ್ರ ಕಿಮಕ್ ಎನ್ನಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟ. ಹಳೇ ಬಾವಿಗೆ ಕಿವಿಗೊಟ್ಟಂತೆ ಮೌನ. ಹೈವೇ ಪಕ್ಕ ಯಾರೋ ಗುಂಡಿ ತೋಡುವಾಗ ಕೇಬಲ್ ಕಡಿದು, ಊರಿನ ಫೋನೆಲ್ಲ ಸತ್ತಿದ್ದವು.

“ಕೊಟ್ಟೂರಾಗ ಫ್ಯಾಕ್ಸ್ ಐತಿ!” ಎಂದು ಯಾರೋ ಕೂಗಿದರು.

ಕೊಟ್ಟೂರು, ಹರಪನಹಳ್ಳಿ ದಾಟಿ ಮುಂದೆ ಹೋಗುವ ಬಸ್ಸು ಸ್ಟ್ಯಾಂಡು ಬಿಡುತ್ತಿತ್ತು. ಎರ್ರೆಪ್ಪ ಓಡಿಹೋಗಿ ಅದರ ಮುಂದೆ ಕೈ ಚಾಚಿ ನಿಂತ. ಹಾಲೇಶಪ್ಪನವರನ್ನು ಹಾಳೆಗಳ ಸಮೇತ ಎತ್ತಿ, ಮೂಟೆ ಹಾಕುವಂತೆ ಒಳಗೆ ಹಾಕಿದರು. ಒಂದು ಚಪ್ಪಲಿ ಕೂಡ್ಲಿಗಿಯಲ್ಲೇ ಉಳಿಯಿತು.

ಕಂಡಕ್ಟರ್ ಅಂಜಿನೇಯಲು ಟಿಕೆಟ್ ಹರಿಯುತ್ತಾ ಸಂಗತಿ ಕೇಳಿದ. ಕೇಳಿ ಸೀಟಿಯನ್ನು ಬಾಯಿಂದ ತೆಗೆದ.

“ಹನ್ನೊಂದು ವರ್ಷ ಆತ್ರಿ ಮೇಷ್ಟ್ರೇ ಈ ರೂಟಿನಾಗ. ಕೂಡ್ಲಿಗ್ಯಾಗ ಹತ್ತಿದವರು ‘ಚಿಲ್ರಿ ಐತಿ’ ಅಂತಾರ. ಹರಪನಹಳ್ಳಿ ದಾಟಿದ ಮ್ಯಾಲೆ ಹತ್ತಿದವರು ‘ಚಿಲ್ರೆ ಐತೆ’ ಅಂತಾರೆ. ನಡುವ ಎಲ್ಲೋ ‘ಐತಿ’ ಇಳದು ‘ಐತೆ’ ಹತ್ತಿರ್ತೈತಿ. ಯಾವ ಸ್ಟಾಪಿನಾಗ ಅಂತ ನಾನೂ ನೋಡಾಕತ್ತೀನಿ, ಸಿಗವಲ್ದು. ಅದಕ್ಕ ಟಿಕೆಟ್ ಕೊಟ್ಟಾವ ನಾನ, ಆದ್ರ ನನಗ ಕಂಡಿಲ್ಲ.”

ಹಾಲೇಶಪ್ಪನವರು ಕುಲುಕುವ ಬಸ್ಸಿನಲ್ಲಿ, ಮಂಡಿಯ ಮೇಲೆ ಹಾಳೆಯಿಟ್ಟು, ಇರುವೆ ಸಾಲು ಚದುರಿದಂಥ ಅಕ್ಷರದಲ್ಲಿ ಅದನ್ನೂ ಬರೆದರು. ಬರೆಯುವುದನ್ನು ಹಿಂದಿನ ಸೀಟಿನ ಹೆಂಗಸು ಇಣುಕಿ ನೋಡಿದಳು.

“ಯಣ್ಣಾ, ಗಂಡನ ಮನಿಗೆ ಹೋಗೋ ಹುಡುಗಿ ಅಳಬೇಕು ಅಂತ ಮೊದ್ಲ ಯಾರು ಮಾಡಿದ್ರು? ನನ್ನ ಸೊಸಿ ನಗಕೋಂತ ಬಂದ್ಲು. ಮಂದಿ ಇನ್ನೂ ಆಡಿಕೊಂತಾರ. ನನಗೇನೋ ಅಕಿ ನಕ್ಕಿದ್ದ ಛಲೋ ಅನಸ್ತು.”

ಅದನ್ನೂ ಬರೆದರು. ಕೊಟ್ಟೂರು ಬರುವಷ್ಟರಲ್ಲಿ ಪ್ರಶ್ನೆ ಮೂವತ್ತೊಂದು ಆಗಿದ್ದವು, ಹಾಳೆ ಒಂಬತ್ತು. ಅಂಜಿನೇಯಲು ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯುವ ಮೊದಲು ಫ್ಯಾಕ್ಸ್ ಅಂಗಡಿಯ ಮುಂದೆಯೇ ನಿಲ್ಲಿಸಿದ. ಒಬ್ಬ ಪ್ರಯಾಣಿಕನೂ ತಕರಾರು ಮಾಡಲಿಲ್ಲ. ಎಲ್ಲರೂ ಕಿಟಕಿಯಲ್ಲಿ ತಲೆಯಿಟ್ಟು, ತಮ್ಮ ತಮ್ಮ ಪ್ರಶ್ನೆ ಹೋಗುವುದನ್ನು ನೋಡಿದರು. ಒಂಬತ್ತನೇ ಹಾಳೆ ಯಂತ್ರದಿಂದ ಈಚೆ ಬಿದ್ದಾಗ ಗೋಡೆ ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷವಿತ್ತು. ಬಸ್ಸಿನೊಳಗೆ ಚಪ್ಪಾಳೆ ಬಿತ್ತು.

ಹಾಲೇಶಪ್ಪನವರು ಒಂದೇ ಚಪ್ಪಲಿಯಲ್ಲಿ, ಬೆವರಿನಲ್ಲಿ ತೊಯ್ದು, ಅಂಗಡಿಯ ಮೆಟ್ಟಿಲ ಮೇಲೆ ಕುಸಿದರು. ಯಾವ ಬೇಸಿಗೆಯಲ್ಲೂ ಅವರಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಈ ಸಲ ಲಕೋಟೆ ಖಾನೆಯಲ್ಲಿ ಮಲಗಲಿಲ್ಲ. ಹೆಡ್ಮಾಸ್ತರರೇ ಮನೆಗೆ ತಂದರು, ಹಿಂದೆ ಜಂಬಣ್ಣ, ಅವನ ಹಿಂದೆ ಅರ್ಧ ಬಸ್ ಸ್ಟ್ಯಾಂಡು. ಹಾಲೇಶಪ್ಪನವರು ಬಿಡಿಸಿ, ಗಟ್ಟಿಯಾಗಿ ಓದಿದರು.

‘ಮಾನ್ಯರೆ, ನಮಗೆ ಬಂದ ಅರ್ಜಿಗಳಲ್ಲೆಲ್ಲ ನಿಮ್ಮದರಷ್ಟು ಕುತೂಹಲ ಕೆರಳಿಸಿದ್ದು ಇನ್ನೊಂದಿಲ್ಲ.’

ಅಂಗಳದಲ್ಲಿ ಶಿಳ್ಳೆ ಬಿತ್ತು. ನೀಲಗಂಗಮ್ಮ ಆಗಲೇ ಟ್ರಂಕು ಇಳಿಸಲು ಒಳಗೆ ಹೋದಳು.

‘ಆದರೆ ಏಳನೇ ಕಲಮಿನಲ್ಲಿ ಅರ್ಜಿದಾರರ ಸ್ವಂತ ಪ್ರಶ್ನೆಯನ್ನು ಕೇಳಲಾಗಿತ್ತು. ಮೂವತ್ತೊಂದು ಪ್ರಶ್ನೆಗಳನ್ನೂ ಸಮಿತಿಯು ಎರಡೆರಡು ಬಾರಿ ಓದಿತು. ಎಲ್ಲವೂ ಬೇರೆಯವರವು. ನಿಮ್ಮದು ಒಂದೂ ಕಾಣಲಿಲ್ಲ. ಆದ್ದರಿಂದ ನಿಮ್ಮನ್ನು ಶಿಬಿರಾರ್ಥಿಯಾಗಿ ಆಯ್ಕೆ ಮಾಡಲಾಗದಿರುವುದಕ್ಕೆ ವಿಷಾದಿಸುತ್ತೇವೆ.’

ಹಾಲೇಶಪ್ಪನವರು ಕಾಗದದಿಂದ ತಲೆಯೆತ್ತಿ ಸುತ್ತಲೂ ನೋಡಿದರು. ಎರ್ರೆಪ್ಪ ಆಕಾಶ ನೋಡುತ್ತಿದ್ದ. ಹೌದು, ತಮ್ಮದನ್ನು ಬರೆಯಲು ಮರೆತೇ ಹೋಗಿತ್ತು.

“ಇನ್ನೂ ಐತಿ, ಓದ್ರಿ,” ಎಂದರು ಹೆಡ್ಮಾಸ್ತರರು.

‘ಇಷ್ಟೊಂದು ಪ್ರಶ್ನೆಗಳಿರುವ ಊರನ್ನು ನಾವು ಕಾಣಲೇಬೇಕೆಂದು ತೀರ್ಮಾನಿಸಿದ್ದೇವೆ. ಮೈಸೂರಿನ ನಮ್ಮ ಹಾಸ್ಟೆಲ್ಲು ರಿಪೇರಿಯಲ್ಲಿರುವುದರಿಂದಲೂ, ಈ ವರ್ಷದ ಶಿಬಿರವನ್ನು ಕೂಡ್ಲಿಗಿಯ ನಿಮ್ಮ ಶಾಲೆಯಲ್ಲೇ ನಡೆಸಲಾಗುವುದು. ಪ್ರಶ್ನೆ ಕಳಿಸಿದ ಶ್ರೀಮತಿ ಜೋಗಮ್ಮ, ಶ್ರೀ ಎರ್ರೆಪ್ಪ, ಶ್ರೀ ಅಂಜಿನೇಯಲು ಹಾಗೂ ‘ಒಬ್ಬ ಹಿರಿಯ ಶಿಕ್ಷಕರು’ ಇವರನ್ನು ವಿಶೇಷ ಅತಿಥಿಗಳಾಗಿ ಆಹ್ವಾನಿಸಲಾಗಿದೆ. ಒಂದೇ ದಿನದಲ್ಲಿ ಇಡೀ ಊರನ್ನು ಕೂಡಿಸಿದ ತಮ್ಮನ್ನು ಸ್ಥಳೀಯ ವ್ಯವಸ್ಥಾಪಕರನ್ನಾಗಿ ನೇಮಿಸಲಾಗಿದೆ. ಮೂವತ್ತು ಜನರ ವಸತಿ, ಊಟ, ಕುಡಿಯುವ ನೀರು ತಮ್ಮ ಜವಾಬ್ದಾರಿ.’

ಮೇ ತಿಂಗಳು ಬಂತು. ನಾಡಿನ ಮೂವತ್ತು ಮೇಷ್ಟ್ರುಗಳು ಕೂಡ್ಲಿಗಿಯ ಬಿಸಿಲಿಗೆ ಬಂದಿಳಿದರು. ಹಾಲೇಶಪ್ಪನವರು ಮಂಚ ಹೊತ್ತರು, ಸೊಳ್ಳೆ ಪರದೆ ಕಟ್ಟಿಸಿದರು, ನೀರಿನ ಟ್ಯಾಂಕರಿನ ಹಿಂದೆ ಓಡಿದರು. ಜೋಗಮ್ಮ ಪದ ಹಾಡಿದ ದಿನ ಅವರು ಕಟ್ಟಿಕೊಂಡ ಪೈಪಿನ ಬಾಯಲ್ಲಿ ಕಡ್ಡಿ ಆಡಿಸುತ್ತಿದ್ದರು. ಹೆಡ್ಮಾಸ್ತರರು ಹಳಿ ತುಂಡಿನ ಮೇಲೆ ಒಂದೂವರೆ ಗಂಟೆ ಮಾತಾಡಿದ ದಿನ ಅಡಿಗೆಯವನು ಮುನಿಸಿಕೊಂಡು ಹೊಸಹಳ್ಳಿಗೆ ಹೋಗಿದ್ದ. ಅವನನ್ನು ಕರೆತರಲು ಹೋಗಬೇಕಾಯಿತು. ಶಾಲೆಯಲ್ಲಿ ಸ್ಥಳ ಸಾಲದೆ ನಾಲ್ವರು ಮೇಡಮ್ಮುಗಳು ಮನೆಯಲ್ಲಿ ನೀಲಗಂಗಮ್ಮನ ಜೊತೆಗಿದ್ದರು. ಅವಳು ಅವರೊಡನೆ ದಿನಾ ತರಗತಿಗೆ ಹೋಗಿ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದಳು.

ಕೊನೆಯ ವಾರದ ಒಂದು ಮಧ್ಯಾಹ್ನ ಹಾಲೇಶಪ್ಪನವರಿಗೆ ಐದು ನಿಮಿಷ ಪುರುಸೊತ್ತು ಸಿಕ್ಕಿತು. ತರಗತಿಯ ಕಿಟಕಿಯ ಸರಳು ಹಿಡಿದು ಹೊರಗೇ ನಿಂತರು. ಮೈಸೂರಿನ ಪ್ರೊಫೆಸರರು ಪುಟ್ಟ ಮಕ್ಕಳು ಮಾತು ಕಲಿಯುವುದರ ಬಗ್ಗೆ ಹೇಳುತ್ತಿದ್ದರು. ನಾಲ್ಕು ವರ್ಷದ ಮಗು ದಿನವಿಡೀ ಪ್ರಶ್ನೆ ಕೇಳುತ್ತಲೇ ಇರುತ್ತದಂತೆ. ಹಾಲೇಶಪ್ಪನವರ ಎದೆಯಲ್ಲಿ ಏನೋ ಝಗ್ಗೆಂದು ಹೊತ್ತಿಕೊಂಡಿತು. ಹೈಸ್ಕೂಲಿಗೆ ಬರುವಾಗ ಅದೇ ಮಗುವಿನ ಬಾಯಿ ಬಂದಾಗಿರುತ್ತದೆ. ನಡುವೆ ಯಾವ ದಿನ, ಯಾರ ಮುಂದೆ ಅದು ಕೇಳುವುದನ್ನು ನಿಲ್ಲಿಸಿತು? ನನ್ನ ಮುಂದೆಯೇ? ಬೇರೆ ಯಾರದೂ ಅಲ್ಲದ, ತಮ್ಮದೇ ಪ್ರಶ್ನೆ. ಉತ್ತರ ನಿಜಕ್ಕೂ ಗೊತ್ತಿರಲಿಲ್ಲ.

“ಯಾರದಾದರೂ ಪ್ರಶ್ನೆ ಇದೆಯೆ?” ಎಂದರು ಪ್ರೊಫೆಸರರು.

ಮೂವತ್ತು ಜನ ಸೆಕೆಗೆ ತೂಕಡಿಸುತ್ತಿದ್ದರು. ಹಾಲೇಶಪ್ಪನವರು ಸರಳಿನ ನಡುವೆ ಕೈ ತೂರಿಸಿ, ಶಾಲೆಯ ಹುಡುಗನ ಹಾಗೆ ಬೆರಳೆತ್ತಿದರು.

ಪ್ರೊಫೆಸರರು ಕಿಟಕಿಯತ್ತ ನೋಡಿದರು. ಅವರ ಮುಖ ಅರಳಿತು.

“ಓಹೋ, ಹಾಲೇಶಪ್ಪನವರೇ! ಟೀ ಬಂತೇ?”

ಮೂವತ್ತು ತಲೆಗಳೂ ಒಮ್ಮೆಲೇ ಎಚ್ಚರಾಗಿ, ಆಸೆಯಿಂದ ಕಿಟಕಿಯತ್ತ ತಿರುಗಿದವು. ಹಾಲೇಶಪ್ಪನವರ ಬೆರಳು ಮೆಲ್ಲಗೆ ಕೆಳಗಿಳಿಯಿತು.

“ಬರಾಕತ್ತೈತ್ರಿ ಸರ,” ಎಂದು ಹೋಟೆಲ್ಲಿನ ಕಡೆ ಓಡಿದರು.